ಬ್ಯಾಕ್ಟೀರಿಯಾ ಸತ್ತರೂ ಎದೆಉರಿ ಹೋಗಲಿಲ್ಲ, ಯಾಕೆ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 43 ವರ್ಷ, ತಿಪಟೂರಲ್ಲಿ ದಿನಸಿ ಅಂಗಡಿ ಇಟ್ಕೊಂಡಿದ್ದೀನಿ. ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಿ ಮನೆಗೆ ಹೋಗಿ ಊಟ ಮಾಡಿ ಹತ್ತೂವರೆಗೆಲ್ಲಾ ಮಲಗಿಬಿಡ್ತೀನಿ. ಎರಡು ವರ್ಷದಿಂದ ಎದೆಉರಿ, ಮಲಗಿದ್ರೆ ಸಾಕು ಗಂಟಲವರೆಗೂ ಹುಳಿನೀರು ಬರುತ್ತೆ. ಮೂರು ತಿಂಗಳು ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿದೆ, ಆಮೇಲೆ ಎಂಡೋಸ್ಕೋಪಿ ಮಾಡಿಸಿದ್ರೆ ಎಚ್. ಪೈಲೋರಿ ಅನ್ನೋ ಹೊಟ್ಟೆ ಬ್ಯಾಕ್ಟೀರಿಯಾ ಪಾಸಿಟಿವ್ ಅಂದ್ರು. 14 ದಿನ ಆಂಟಿಬಯಾಟಿಕ್ ಕೋರ್ಸ್ ಮುಗಿಸಿದೆ, ಬಾಯೆಲ್ಲಾ ಕಬ್ಬಿಣ ನೆಕ್ಕಿದ ಹಾಗಾದ್ರೂ ಒಂದು ಡೋಸೂ ತಪ್ಪಿಸಲಿಲ್ಲ. ಎರಡು ತಿಂಗಳು ಬಿಟ್ಟು ಮಲದ ಟೆಸ್ಟ್ ಮಾಡಿಸಿದ್ರೆ ನೆಗೆಟಿವ್. ಆದ್ರೆ ಉರಿ ಹಾಗೇ ಇದೆ, ಮಾತ್ರೆ ಎಲ್ಲಾ ನಿಲ್ಲಿಸಿದ ಮೊದಲ ಎರಡು ವಾರ ಅಂತೂ ಮುಂಚೆಗಿಂತ ಜಾಸ್ತಿನೇ ಇತ್ತು. ಹುಳ ಇನ್ನೂ ಒಳಗೆ ಅಡಗಿದ್ಯಾ? ಇನ್ನೊಂದು ಕೋರ್ಸ್ ತಗೊಳ್ಲಾ?

ಉತ್ತರ: ಬೇಡ ಸ್ವಾಮಿ, ದಯವಿಟ್ಟು ಬೇಡ. ನಿಮ್ಮ ಹುಳ ಸತ್ತಿದೆ, ಟೆಸ್ಟನ್ನೂ ಸರಿಯಾದ ಟೈಮಿಗೇ ಮಾಡಿಸಿದ್ದೀರಿ. ಎಡವಟ್ಟು ಆಗಿರೋದು ಎಲ್ಲಿ ಅಂದ್ರೆ, ರಿಪೋರ್ಟಲ್ಲಿ ಬ್ಯಾಕ್ಟೀರಿಯಾ ಸಿಕ್ತು, ಎದೆಯಲ್ಲಿ ಉರಿ ಇತ್ತು, ಹಾಗಾಗಿ ಇದರಿಂದಲೇ ಅದು ಅಂತ ನೀವು (ಬಹುಶಃ ನಿಮಗೆ ಹೇಳಿದವರೂ) ಗಂಟು ಹಾಕಿಬಿಟ್ರಿ. ಇವೆರಡೂ ಒಂದೇ ಹೊಟ್ಟೆಯಲ್ಲಿದ್ದ ಎರಡು ಬೇರೆ ಬೇರೆ ವಿಷಯ.

ಹುಳಿನೀರು ಮೇಲೆ ಬರೋದು ವಾಲ್ವಿನ ತೊಂದರೆ. ಅನ್ನನಾಳ ಹೊಟ್ಟೆಗೆ ಸೇರೋ ಜಾಗದಲ್ಲಿ ಸ್ನಾಯುವಿನ ಒಂದು ಬಳೆ ಇದೆ, ಊಟ ಇಳಿಯೋವಾಗ ತೆರೆದು ಆಮೇಲೆ ಮುಚ್ಚಿಕೊಳ್ಬೇಕು. ಅದು ಬೇಡದ ಹೊತ್ತಲ್ಲಿ ಸಡಿಲ ಆದ್ರೆ ಒಳಗಿರೋದು ಮೇಲೆ ಬರುತ್ತೆ, ಅಷ್ಟೇ. ಬಾಟಲಿ ಮುಚ್ಚಳ ಲೂಸ್ ಇದ್ರೆ ಒಳಗೆ ಪಾನಕ ಇದ್ರೂ ಸೋರುತ್ತೆ, ಮಜ್ಜಿಗೆ ಇದ್ರೂ ಸೋರುತ್ತೆ, ಅದಕ್ಕೆ ಪಾನಕದಲ್ಲಿ ಬಿದ್ದ ಇರುವೆ ಮೇಲೆ ತಪ್ಪು ಹೊರಿಸೋಕಾಗಲ್ಲ.

ಹಾಗಾದ್ರೆ ಈ ಬ್ಯಾಕ್ಟೀರಿಯಾ ಏನು ಮಾಡುತ್ತೆ? ಹೊಟ್ಟೆಯ ಆಸಿಡ್‌ನಲ್ಲಿ ಯಾವ ಜೀವಿಯೂ ಬದುಕಲ್ಲ ಅಂತ ಬಹಳ ವರ್ಷ ನಂಬಿದ್ರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಅಂತ ಇಬ್ಬರು ಡಾಕ್ಟರು ಹೊಟ್ಟೆಯ ಪದರದಲ್ಲಿ ಸ್ಕ್ರೂ ತರ ತಿರುಚಿಕೊಂಡಿರೋ ಈ ಬ್ಯಾಕ್ಟೀರಿಯಾನ ತೋರಿಸಿ, 1982ರಲ್ಲಿ ಲ್ಯಾಬಲ್ಲಿ ಬೆಳೆಸಿದ್ರು. ಅದೂ ಹೇಗೆ, ಈಸ್ಟರ್ ರಜೆ ಅಂತ ತಟ್ಟೆಗಳು ಇನ್‌ಕ್ಯುಬೇಟರಲ್ಲಿ ಎರಡು ದಿನದ ಬದಲು ಐದಾರು ದಿನ ಉಳಿದುಬಿಟ್ವು, ಆಗ ಬೆಳೆದಿತ್ತು! ಅಲ್ಲಿವರೆಗೆ ಎರಡು ದಿನಕ್ಕೇ ಏನೂ ಇಲ್ಲ ಅಂತ ಎಸೀತಿದ್ರು. ಆದ್ರೂ ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕದಡಿದ ನೀರನ್ನ ತಾವೇ ಕುಡಿದ್ರು. ಕೆಲವೇ ದಿನದಲ್ಲಿ ವಾಂತಿ, ಬಾಯಿ ವಾಸನೆ ಶುರುವಾಯ್ತು, ಎಂಡೋಸ್ಕೋಪಿಯಲ್ಲಿ ಹೊಟ್ಟೆ ಒಳಪದರ ಊದಿಕೊಂಡಿದ್ದು ಕಾಣಿಸ್ತು. ಗಮನಿಸಿ, ಅವರಿಗೆ ಬಂದಿದ್ದು ಗ್ಯಾಸ್ಟ್ರೈಟಿಸ್, ನಿಮ್ಮ ತರದ ಹುಳಿತೇಗಿನ ಕಾಯಿಲೆ ಅಲ್ಲ. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು, ಅದೂ ಗ್ಯಾಸ್ಟ್ರೈಟಿಸ್, ಅಲ್ಸರ್ ವಿಚಾರಕ್ಕೆ.

ಆಸಿಡ್‌ನಲ್ಲಿ ಅದು ಬದುಕೋ ಉಪಾಯ ಯೂರಿಯೇಸ್ ಅನ್ನೋ ಎನ್‌ಜೈಮ್. ಯೂರಿಯಾ ಒಡೆದು ತನ್ನ ಸುತ್ತ ಅಮೋನಿಯಾ ಮಾಡ್ಕೊಂಡು ಕೂತಿರುತ್ತೆ. ನಿಮ್ಮ ಎಂಡೋಸ್ಕೋಪಿಯಲ್ಲಿ ಅಕ್ಕಿನುಚ್ಚಿನಷ್ಟು ತುಣುಕು ತೆಗೆದು ಹಳದಿ ಜೆಲ್‌ಗೆ ಹಾಕಿರ್ತಾರೆ ನೋಡಿ, ಅದು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಪಾಸಿಟಿವ್. ಆ ಬಣ್ಣ ಬದಲಾಗೋದು ಈ ಅಮೋನಿಯಾದಿಂದಲೇ.

ಈಗ ತಮಾಷೆ ಕೇಳಿ. ಹುಳ ಹೊಟ್ಟೆಯ ಕೆಳಭಾಗದಲ್ಲಿ ಮನೆ ಮಾಡಿದ್ರೆ ಆಸಿಡ್ ಜಾಸ್ತಿ ಆಗಿ ಸಣ್ಣಕರುಳಿನ ಬಾಯಲ್ಲಿ ಹುಣ್ಣಾಗುತ್ತೆ. ಅದೇ ಹೊಟ್ಟೆ ಪೂರ್ತಿ ಹರಡಿ ವರ್ಷಗಟ್ಟಲೆ ಕೂತ್ರೆ ಆಸಿಡ್ ಮಾಡೋ ಗ್ರಂಥಿಗಳೇ ಸೊರಗಿ ಆಸಿಡ್ ಕಮ್ಮಿ ಆಗುತ್ತೆ, ಅಂಥವರಿಗೆ ಎದೆಉರಿ ಕಮ್ಮಿನೇ. ಈ ಹುಳ ಜಾಸ್ತಿ ಇರೋ ಕಡೆ ರಿಫ್ಲಕ್ಸ್ (ಅದೇ, ಹುಳಿನೀರು ಮೇಲೆ ಬರೋದು) ಕಮ್ಮಿ ಕಾಣೋದೂ ಉಂಟು. ಹುಳ ಕೊಂದ್ರೆ ರಿಫ್ಲಕ್ಸ್ ಬರುತ್ತಾ ಅಂತ 1990ರ ದಶಕದಲ್ಲಿ ದೊಡ್ಡ ಜಗಳವೇ ನಡೀತು, ಆಮೇಲೆ ಬಂದ ಅಧ್ಯಯನಗಳಲ್ಲಿ ಹೆಚ್ಚಿನವರಿಗೆ ಹಾಗೇನೂ ಆಗಲ್ಲ ಅಂತ ಗೊತ್ತಾಯ್ತು. ಹಂಗಂತ ಸಾಕ್ಕೊಂಡಿರೋದಾ? ಬೇಡವೇ ಬೇಡ, ಅದು ಅಲ್ಸರ್ ಮಾಡುತ್ತೆ, ಹೊಟ್ಟೆ ಕ್ಯಾನ್ಸರಿಗೂ ಕಾರಣ ಅಂತ 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಟ್ಟಿಗೆ ಸೇರಿಸಿದೆ. ನಿಮ್ಮ ಕೋರ್ಸ್ ವೇಸ್ಟ್ ಆಗಿಲ್ಲ, ಬೇರೆ ಕಾಯಿಲೆಗೆ ಕೆಲಸ ಮಾಡಿದೆ ಅಷ್ಟೇ.

ಆ ಎರಡು ವಾರದ ಜಾಸ್ತಿ ಉರಿ? ಪ್ಯಾಂಟೊಪ್ರಜೋಲನ್ನ ತಿಂಗಳುಗಟ್ಟಲೆ ತಗೊಂಡು ದಿಢೀರ್ ನಿಲ್ಲಿಸಿದ್ರೆ ಅದುಮಿಟ್ಟಿದ್ದ ಆಸಿಡ್ ಸ್ವಲ್ಪ ದಿನ ಮುಂಚೆಗಿಂತ ಜೋರಾಗಿ ಬರುತ್ತೆ. ನಿಮ್ಮದೂ ಹಾಗೇ ಇರಬಹುದು.

ನಿಮ್ಮ ಕಾಗದದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂಬತ್ತೂವರೆ ಮತ್ತು ಹತ್ತೂವರೆ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಬೇಕು. ಎಂಟಕ್ಕೆ ಅಂಗಡಿಯಲ್ಲೇ ಡಬ್ಬಿ ಊಟ ಮುಗಿಸಿ, ಮನೆಗೆ ಹೋಗಿ ಹನ್ನೊಂದಕ್ಕೆ ಮಲಗಿ, ಮನೆಯವರು ಬೈದ್ರೆ ನನ್ನ ಹೆಸರು ಹೇಳಿ. ತಲೆದಿಂಬು ಎರಡು ಹಾಕಿದ್ರೆ ಕತ್ತು ನೋಯುತ್ತೆ ಅಷ್ಟೇ, ಮಂಚದ ತಲೆಕಡೆ ಕಾಲಿನ ಕೆಳಗೆ ಆರಿಂಚು ದಪ್ಪದ ಮರದ ತುಂಡು ಕೊಡಿ. ಎಡಮಗ್ಗುಲಲ್ಲಿ ಮಲಗಿ. ಹೊಟ್ಟೆ ಬಂದಿದ್ರೆ ಇಳಿಸಿ. ಮಾತ್ರೆ ಬೇಕಾದ್ರೆ ಡಾಕ್ಟರ್ ಕೇಳಿ, ಊಟಕ್ಕೆ ಅರ್ಧ ಗಂಟೆ ಮುಂಚೆ ತಗೋಬೇಕು, ಊಟ ಆದ್ಮೇಲೆ ನುಂಗಿದ್ರೆ ಅರ್ಧ ಪ್ರಯೋಜನ ಇಲ್ಲ. ನುಂಗೋಕೆ ಕಷ್ಟ, ತೂಕ ಇಳಿಯೋದು, ರಕ್ತ ವಾಂತಿ, ಡಾಂಬರಿನ ತರ ಕಪ್ಪು ಮಲ ಕಂಡ್ರೆ ತಕ್ಷಣ ತೋರಿಸಿ. ಉರಿ ಜೊತೆ ಎದೆ ಬಿಗಿದು, ಬೆವರಿ, ತೋಳು ಸೆಳೆದ್ರೆ ಗ್ಯಾಸ್ ಅಂತ ಸೋಡಾ ಕುಡೀತಾ ಕೂರಬೇಡಿ, ಇಸಿಜಿ ಮಾಡಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಎಚ್. ಪೈಲೋರಿ ಬಂದಿದೆ. ಮಕ್ಕಳಿಗೆ ಅವರ ತಟ್ಟೆಯಿಂದಲೇ ಮೊಸರನ್ನ ತುತ್ತು ಹಾಕ್ತಾರೆ. ಎಲ್ಲರಿಗೂ ಟೆಸ್ಟ್ ಮಾಡಿಸಬೇಕಾ? – ಶಿರಸಿಯ ಓದುಗರು

ಉತ್ತರ: ಇದು ಹೆಚ್ಚಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಅಂಟೋದು ನಿಜ, ಆದ್ರೆ ತೊಂದರೆ ಇಲ್ಲದ ಮಕ್ಕಳಿಗೆಲ್ಲಾ ಸಾಲಾಗಿ ಟೆಸ್ಟ್ ಬೇಡ. ಮನೆತನದಲ್ಲಿ ಹೊಟ್ಟೆ ಕ್ಯಾನ್ಸರ್ ಇದ್ರೆ ದೊಡ್ಡವರು ಮಾಡಿಸಿಕೊಳ್ಳಿ. ಮೊಸರನ್ನ ತಿನ್ನಿಸಲಿ, ಮಕ್ಕಳಿಗೆ ಬೇರೆ ತಟ್ಟೆ ಇಟ್ಟು.

ಪ್ರಶ್ನೆ: ಅತ್ತೆ ಆರು ವರ್ಷದಿಂದ ದಿನಾ ಆಸಿಡಿಟಿ ಮಾತ್ರೆ ತಗೋತಾರೆ. ಉಸಿರಿನ ಟೆಸ್ಟಲ್ಲಿ ಎಚ್. ಪೈಲೋರಿ ನೆಗೆಟಿವ್ ಬಂತು, ಸಮಾಧಾನ ಪಡಬಹುದಾ? – ದಾವಣಗೆರೆಯ ಓದುಗರು

ಉತ್ತರ: ಟೆಸ್ಟ್ ದಿನವೂ ಮಾತ್ರೆ ನುಂಗಿದ್ರಾ, ಅದು ಹೇಳಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಯಿಂದ ಬ್ಯಾಕ್ಟೀರಿಯಾ ಸಾಯಲ್ಲ, ಆದ್ರೆ ಕಮ್ಮಿ ಆಗಿ ಟೆಸ್ಟಿಗೆ ಸಿಗದೇ ಹೋಗಬಹುದು. ಎರಡು ವಾರ ಆ ಮಾತ್ರೆ, ನಾಲ್ಕು ವಾರ ಆಂಟಿಬಯಾಟಿಕ್ ಬಿಟ್ಟಿದ್ರೆ ಮಾತ್ರ ಆ ನೆಗೆಟಿವ್‌ಗೆ ಬೆಲೆ. ಅಂಥ ಮಾತ್ರೆ ವರ್ಷಗಟ್ಟಲೆ ತಗೊಳ್ಳೋರಲ್ಲಿ ಈ ಹುಳ ಇದೆಯಾ ನೋಡಿ ತೆಗೆಸೋದು ಒಳ್ಳೆಯದು, ಯಾಕಂದ್ರೆ ಎರಡೂ ಒಟ್ಟಿಗೆ ಇದ್ರೆ ಊತ ಹೊಟ್ಟೆಯ ಮೇಲ್ಭಾಗಕ್ಕೂ ಹರಡುತ್ತೆ. ಆದ್ರೆ ಅತ್ತೆ ಹಾರ್ಟಿಗೆ ಆಸ್ಪಿರಿನ್ ತಗೋತಿದ್ರೆ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಮೊದಲು ಅವರ ಡಾಕ್ಟರಿಗೆ ಒಂದು ಫೋನ್ ಮಾಡಿ.