ಮೂಲ ಸಿನಿಮಾ ಮಾಡಿದವರೇ ಇಲ್ಲದೆ ಸೀಕ್ವೆಲ್ ಯಾಕೆ ಮಾಡ್ತಾರೆ? ಅದಕ್ಕೆ ನಾನು ಇಷ್ಟು ಸಿಟ್ಟಾಗುವುದು ಸರಿಯೇ?

ಸಿಟ್ಟಾಗುವುದು ಸರಿಯೇ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಖಂಡಿತ ಸರಿ. "ಹಳೇ ಸಿನಿಮಾ ಎಲ್ಲೂ ಹೋಗಿಲ್ಲವಲ್ಲ, ಹೊಸದು ಬೇಡವಾದರೆ ನೋಡಬೇಡ" ಅಂತ ಸ್ನೇಹಿತರು ಹೇಳುತ್ತಾರೆ ಅಂತಲೂ ಬರೆದಿದ್ದೀರಿ. ಈ ಮಾತನ್ನು ನಾನೂ ತುಂಬಾ ಸಲ ಕೇಳಿದ್ದೇನೆ, ಒಂದು ಸಲವೂ ಒಪ್ಪಲು ಆಗಿಲ್ಲ. ಕೆಟ್ಟ ಸೀಕ್ವೆಲ್ ತನ್ನ ಪಾಡಿಗೆ ತಾನು ಕೆಟ್ಟದಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅದು ಹಿಂದಿನ ಸಿನಿಮಾದ ಕೊನೆಗೇ ಕೈ ಹಾಕುತ್ತದೆ.

ಅನ್ಯಗ್ರಹದ ಭೀಕರ ಜೀವಿಗಳ ಕಥೆಯಾದ 1986ರ 'ಏಲಿಯನ್ಸ್' ತೆಗೆದುಕೊಳ್ಳಿ. ಅದರ ಕ್ಲೈಮ್ಯಾಕ್ಸ್ ಪೂರ್ತಿ ಒಂದು ಮಗುವಿಗಾಗಿ ನಡೆಯುತ್ತದೆ. ನಾಯಕಿ ರಿಪ್ಲಿ ಬೇಕಿದ್ದರೆ ಅಲ್ಲಿಂದ ಹೊರಟುಬಿಡಬಹುದಿತ್ತು. ನೌಕೆ ಸಿದ್ಧವಾಗಿದೆ, ಇಡೀ ಜಾಗ ಇನ್ನೇನು ಸ್ಫೋಟವಾಗಲಿದೆ. ಆದರೂ ಅವಳು ಎರಡು ಆಯುಧಗಳನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ ಜೋಡಿಸಿಕೊಂಡು, ನ್ಯೂಟ್ ಎಂಬ ಹುಡುಗಿಯನ್ನು ಹುಡುಕಲು ಒಬ್ಬಳೇ ಕೆಳಗೆ ಇಳಿಯುತ್ತಾಳೆ. ಎಲ್ಲ ಮುಗಿದ ಮೇಲೆ ಆ ಹುಡುಗಿ "ಮಮ್ಮಿ" ಎಂದು ಬಂದು ತಬ್ಬಿಕೊಳ್ಳುತ್ತಾಳೆ. ಅಲ್ಲಿಯವರೆಗೂ ಹಿಡಿದಿಟ್ಟುಕೊಂಡಿದ್ದ ಉಸಿರು ಆಗ ಹೊರಗೆ ಬರುತ್ತದೆ.

1992ರಲ್ಲಿ 'ಏಲಿಯನ್ 3' ಬಂತು. ಶುರುವಾಗಿ ಕೆಲವೇ ನಿಮಿಷಕ್ಕೆ ನ್ಯೂಟ್ ಸತ್ತಿದ್ದಾಳೆ. ನೌಕೆ ಬಿದ್ದಾಗ ಮಲಗಿದ್ದ ಪೆಟ್ಟಿಗೆಯೊಳಗೇ, ನಿದ್ದೆಯಲ್ಲೇ, ನೀರು ತುಂಬಿ ಸತ್ತಳಂತೆ. ಅವರ ಜೊತೆ ಬದುಕುಳಿದಿದ್ದ ಸೈನಿಕ ಹಿಕ್ಸ್ ಕೂಡ ಹೋದ. 'ಏಲಿಯನ್ಸ್' ಬರೆದು ನಿರ್ದೇಶಿಸಿದ ಜೇಮ್ಸ್ ಕ್ಯಾಮರೂನ್ ಈ ಸಿನಿಮಾದಲ್ಲಿ ಇರಲಿಲ್ಲ. ಈಗ ಹಳೆಯದನ್ನು ಹಾಕಿಕೊಂಡು ಕೂತರೂ, ಆ ತಬ್ಬಿಕೊಳ್ಳುವ ದೃಶ್ಯ ಬಂದಾಗ ನನಗೆ ಮುಂದಿನದು ಗೊತ್ತು. ಗೊತ್ತಿಲ್ಲದ ಹಾಗೆ ನೋಡಲು ಆಗುವುದಿಲ್ಲ. 'ಹಳೇ ಸಿನಿಮಾ ಎಲ್ಲೂ ಹೋಗಿಲ್ಲ' ಅನ್ನುವವರಿಗೆ ನನ್ನ ಉತ್ತರ ಇಷ್ಟೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸಿಟ್ಟನ್ನು ಹೊಸ ನಿರ್ದೇಶಕರ ಮೇಲೆ ತೀರಿಸಿಕೊಳ್ಳಬೇಡಿ. 'ಏಲಿಯನ್ 3' ಡೇವಿಡ್ ಫಿಂಚರ್ ಅವರ ಮೊದಲ ಸಿನಿಮಾ. ಅವರು ಬರುವ ಹೊತ್ತಿಗೆ ಹಲವು ಬರಹಗಾರರು ಬಂದು ಹೋಗಿದ್ದರು, ಇಬ್ಬರು ನಿರ್ದೇಶಕರು ಆಗಲೇ ಬಿಟ್ಟು ಹೋಗಿದ್ದರು. ಚಿತ್ರಕಥೆ ಪೂರ್ತಿ ಆಗುವ ಮೊದಲೇ ಶೂಟಿಂಗ್ ಶುರುವಾಯಿತು. ಮುಂದೆ ಫಿಂಚರ್ ಅದನ್ನು ತಮ್ಮ ಸಿನಿಮಾ ಅಂತ ಹೇಳಿಕೊಳ್ಳುವುದನ್ನೇ ಬಿಟ್ಟರು. ಮೂರೇ ವರ್ಷಕ್ಕೆ 'ಸೆವೆನ್' ಮಾಡಿದ ಮನುಷ್ಯ ಅವರು. ಪ್ರತಿಭೆಗೇನೂ ಕೊರತೆ ಇರಲಿಲ್ಲ, ಅಲ್ವಾ? ಇದ್ದ ಸಮಸ್ಯೆ ಬೇರೆ. ಸಿನಿಮಾ ಬರಲೇಬೇಕು ಅಂತ ಮೊದಲೇ ತೀರ್ಮಾನವಾಗಿತ್ತು, ಅದರಲ್ಲಿ ಏನು ಹೇಳಬೇಕು ಅನ್ನುವುದನ್ನು ಆಮೇಲೆ ಹುಡುಕಿದರು.

ಹಾಗೆ ನೋಡಿದರೆ 'ಏಲಿಯನ್ಸ್' ಕೂಡ ಬೇರೆಯವರು ಮಾಡಿದ ಸೀಕ್ವೆಲ್ಲೇ. 1979ರ ಮೊದಲ ಸಿನಿಮಾ ರಿಡ್ಲಿ ಸ್ಕಾಟ್ ಅವರದು. ಆದರೆ ಕ್ಯಾಮರೂನ್ ಆ ಕಥೆಯನ್ನು ಅಳಿಸಲಿಲ್ಲ. ಅಷ್ಟೆಲ್ಲ ಅನುಭವಿಸಿ ಬದುಕಿ ಬಂದವಳ ಗತಿ ಮುಂದೇನು ಅಂತ ಕೇಳಿಕೊಂಡರು. ನೌಕೆಯಲ್ಲಿನ ದೀರ್ಘ ನಿದ್ದೆಯಿಂದ ರಿಪ್ಲಿ ಎಚ್ಚರವಾದಾಗ 57 ವರ್ಷ ಕಳೆದಿದೆ, ಅವಳ ಮಾತನ್ನು ಯಾರೂ ನಂಬುವುದಿಲ್ಲ. ಆಮೇಲೆ ಬಂದ ಉದ್ದನೆಯ ಆವೃತ್ತಿಯಲ್ಲಿ, ಅವಳ ಮಗಳು ಮುದುಕಿಯಾಗಿ ಸತ್ತಿದ್ದಾಳೆ ಅನ್ನುವುದೂ ಗೊತ್ತಾಗುತ್ತದೆ. ನ್ಯೂಟ್ ಅವಳಿಗೆ ಯಾಕೆ ಅಷ್ಟು ಮುಖ್ಯ ಅಂತ ಆಗ ಅರ್ಥವಾಗುತ್ತದೆ.

ಕ್ಯಾಮರೂನ್ ಅವರದೇ 'ಟರ್ಮಿನೇಟರ್' ಕಥೆಯೂ ಇದೇ. 1991ರ ಎರಡನೇ ಭಾಗದಲ್ಲಿ ಸಾರಾ ಮತ್ತು ಅವಳ ಮಗ ಜಾನ್ ಪ್ರಾಣ ಪಣಕ್ಕಿಟ್ಟು, ಯಂತ್ರಗಳಿಂದ ಮುಂದೆ ಬರಲಿರುವ ವಿನಾಶವನ್ನು ತಡೆಯುತ್ತಾರೆ. ಹಣೆಬರಹ ಅಂತ ಒಂದಿಲ್ಲ, ನಾವು ಬರೆದುಕೊಳ್ಳುವುದೇ ಭವಿಷ್ಯ ಅನ್ನುವುದೇ ಆ ಸಿನಿಮಾದ ಜೀವ. ಕ್ಯಾಮರೂನ್ ಇಲ್ಲದೆ 2003ರಲ್ಲಿ ಬಂದ ಮೂರನೇ ಭಾಗ, ವಿನಾಶ ತಪ್ಪಿರಲಿಲ್ಲ, ಮುಂದಕ್ಕೆ ಹೋಗಿತ್ತು ಅಷ್ಟೇ ಅನ್ನುತ್ತದೆ. ಸಾರಾ ಆಗಲೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಾಳೆ, ಅದನ್ನೂ ತೆರೆಯ ಮೇಲೆ ತೋರಿಸುವುದಿಲ್ಲ. ಅವರು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಮೂಲದವರು ವಾಪಸ್ ಬಂದರೆ ಸರಿಹೋಗುತ್ತದಾ? ಅದೂ ಗ್ಯಾರಂಟಿ ಇಲ್ಲ. 2019ರ 'ಟರ್ಮಿನೇಟರ್: ಡಾರ್ಕ್ ಫೇಟ್'ಗೆ ಕ್ಯಾಮರೂನ್ ನಿರ್ಮಾಪಕರಾಗಿ ಬಂದರು, ಕಥೆಯಲ್ಲೂ ಅವರ ಹೆಸರಿದೆ. ನಡುವೆ ಬಂದ ಮೂರು ಸಿನಿಮಾಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಸರಿ, ಒಳ್ಳೆಯದೇ. ಆದರೆ ಶುರುವಿನಲ್ಲೇ ಜಾನ್‌ನನ್ನು ಕೊಂದುಬಿಟ್ಟರು! ಯಾರ ಜೀವ ಉಳಿಸಲು ಎರಡು ಸಿನಿಮಾ ನಡೆಯಿತೋ ಅವನನ್ನೇ. ನನಗೆ ಇದು ಮೂರನೇ ಭಾಗಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಇನ್ನು ಯಾಕೆ ಮಾಡುತ್ತಾರೆ ಅನ್ನುವ ನಿಮ್ಮ ಮೊದಲ ಪ್ರಶ್ನೆ. ದುಡ್ಡು ಅಂತ ಒಂದೇ ಮಾತಿನಲ್ಲಿ ಹೇಳಬಹುದು, ಆದರೆ ಅದಕ್ಕಿಂತ ಮುಂಚಿನದು ಹಕ್ಕು. ಹಾಲಿವುಡ್‌ನಲ್ಲಿ ಸ್ಟುಡಿಯೋ ಹೇಳಿ ಬರೆಸಿದ ಕಥೆ ಸಾಮಾನ್ಯವಾಗಿ ಸ್ಟುಡಿಯೋದ್ದೇ. ಪಾತ್ರಗಳು, ಹೆಸರು, ಮುಂದಿನ ಭಾಗ ಎಲ್ಲವೂ ಅವರದು. ಬರೆದವರನ್ನು ಕೇಳುವ ಅಗತ್ಯವೇ ಇಲ್ಲ. ಮೊದಲ 'ಟರ್ಮಿನೇಟರ್' ಹಕ್ಕನ್ನು ಕ್ಯಾಮರೂನ್ ನಿರ್ಮಾಪಕಿ ಗೇಲ್ ಆನ್ ಹರ್ಡ್ ಅವರಿಗೆ ಕೊಟ್ಟದ್ದು ಬರೀ 1 ಡಾಲರ್‌ಗೆ. ನಿರ್ದೇಶನ ತಾವೇ ಮಾಡಬೇಕು ಅನ್ನುವುದಷ್ಟೇ ಆಗ ಅವರಿಗೆ ಬೇಕಿತ್ತು. ಸ್ವಂತವಾಗಿ ಬರೆದು ಮಾರಿದ ಕಥೆಯಾದರೆ, 35 ವರ್ಷದ ನಂತರ ಹಕ್ಕು ವಾಪಸ್ ಕೇಳಲು ಅಮೆರಿಕದ ಕಾನೂನಿನಲ್ಲಿ ಅವಕಾಶವಿದೆ. ಅಷ್ಟು ಹೊತ್ತಿಗೆ ಬರಬೇಕಾದ ಸೀಕ್ವೆಲ್‌ಗಳೆಲ್ಲ ಬಂದು ಮುಗಿದಿರುತ್ತವೆ.

ಇದನ್ನು ತಡೆದವರೂ ಇದ್ದಾರೆ. 'ಬ್ಯಾಕ್ ಟು ದ ಫ್ಯೂಚರ್' ಮಾಡಿದ ರಾಬರ್ಟ್ ಜೆಮೆಕಿಸ್ ಮತ್ತು ಬಾಬ್ ಗೇಲ್ ಒಪ್ಪದೆ ಅದರ ಹೊಸ ಭಾಗ ಮಾಡುವಂತಿಲ್ಲ, ಅವರ ಒಪ್ಪಂದ ಹಾಗಿದೆ. ಕೇಳಿದಾಗಲೆಲ್ಲ ಇಬ್ಬರೂ ಬೇಡ ಅಂದಿದ್ದಾರೆ. ಅದಕ್ಕೇ 1990ರಲ್ಲಿ ಮೂರನೇ ಭಾಗದೊಂದಿಗೆ ಮುಗಿದ ಕಥೆ ಇವತ್ತಿಗೂ ಮುಗಿದೇ ಇದೆ. ಆ ಇಬ್ಬರ ಮೇಲೆ ನನಗಿರುವ ಗೌರವ ಅಷ್ಟಿಷ್ಟಲ್ಲ.

ನಾನೀಗ ಯಾವುದೇ ಸೀಕ್ವೆಲ್ ನೋಡುವ ಮುಂಚೆ, ನಿರ್ದೇಶಕರಿಗಿಂತ ಮೊದಲು ಕಥೆ ಯಾರದು ಅಂತ ನೋಡುತ್ತೇನೆ. ನೀವೂ ನೋಡಿ. 2017ರ 'ಬ್ಲೇಡ್ ರನ್ನರ್ 2049' ನಿರ್ದೇಶಕರು ಹೊಸಬರು, ಡೆನಿ ವಿಲ್ನವ್. ಆದರೆ ಮೊದಲ ಸಿನಿಮಾ ಬರೆದವರಲ್ಲಿ ಒಬ್ಬರಾದ ಹ್ಯಾಂಪ್ಟನ್ ಫ್ಯಾಂಚರ್ ಇದರ ಬರವಣಿಗೆಯಲ್ಲೂ ಇದ್ದಾರೆ. ಮೊದಲ ಸಿನಿಮಾದ ನಾಯಕ ಡೆಕರ್ಡ್ ಮನುಷ್ಯನೋ ಅಲ್ಲವೋ ಅನ್ನುವ ಹಳೆಯ ಪ್ರಶ್ನೆಗೆ ಉತ್ತರ ಕೊಡುವ ಆಸೆ ಯಾರಿಗಾದರೂ ಆಗುತ್ತಿತ್ತು. ಇವರು ಅದನ್ನು ಮುಟ್ಟಲೇ ಇಲ್ಲ. ನೋಡಿಲ್ಲದಿದ್ದರೆ ಮೊದಲು 1982ರದ್ದು ನೋಡಿ, ಆಮೇಲೆ ಇದನ್ನು.