ನಿಂಬೆ ಗಾತ್ರದ ಹುಣಸೆಹಣ್ಣು

ಜೂನ್‌ನಲ್ಲಿ ಮೆಲ್ಬರ್ನ್‌ಗೆ ಬರುತ್ತಿದ್ದೇವೆ, ಪೆಟ್ಟಿಗೆಯಲ್ಲಿ ಅಡುಗೆ ಪುಸ್ತಕಗಳಿಗೆ ಜಾಗ ಮಾಡಬೇಕೇ, ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಅದು ದಂಡದ ಭಾರವೇ ಎಂದು ಕೇಳಿದ್ದೀರಿ. ಕೆಲಸ, ಬಾಡಿಗೆ, ಚಳಿಯ ವಿಷಯ ಎಲ್ಲರೂ ಕೇಳುತ್ತಾರೆ. ಇದನ್ನು ಕೇಳಿದವರು ನೀವೇ ಮೊದಲು; ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಹಾಸನದಿಂದ ಬಂದು 19 ವರ್ಷವಾಯಿತು. ಆಗ ತಂದದ್ದು ಒಂದೇ ಪುಸ್ತಕ, ಅಮ್ಮ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟದ್ದು. ಅಡುಗೆಮನೆಗೆ ಊಟಕ್ಕಷ್ಟೇ ಹೋಗಿ ಗೊತ್ತಿದ್ದ ನಾನು ಮೊದಲ ಭಾನುವಾರ ಅದನ್ನು ತೆರೆದು ಸಾರು ಮಾಡಲು ಹೊರಟೆ. ‘ನಿಂಬೆ ಗಾತ್ರದ ಹುಣಸೆಹಣ್ಣು’ ಎಂದಿತ್ತು. ಬಾಡಿಗೆ ಮನೆಯ ಹಿತ್ತಲಿನಲ್ಲೇ ನಿಂಬೆ ಮರವಿತ್ತು; ಈ ಊರಿನ ಹಳೆಯ ಮನೆಗಳ ಹಿತ್ತಲಿನಲ್ಲಿ ಅದು ತೀರಾ ಸಾಮಾನ್ಯ. ಒಂದು ಹಣ್ಣು ಕಿತ್ತು ತಂದು, ಕಣ್ಣೆದುರಿಗೆ ಇಟ್ಟುಕೊಂಡು, ಅಷ್ಟೇ ಹುಣಸೆ ನೆನೆಹಾಕಿದೆ. ಇಲ್ಲಿನ ನಿಂಬೆ ಒಂದು ಮುಷ್ಟಿಯಷ್ಟು ದೊಡ್ಡದು. ಸಾರು ಹಲ್ಲು ಜುಮ್ಮೆನ್ನುವಷ್ಟು ಹುಳಿ. ಫೋನ್ ಮಾಡಿದರೆ ಅಮ್ಮ ನಕ್ಕು ನಕ್ಕು, ‘ನಿಂಬೆ ಎಂದರೆ ನಮ್ಮ ನಿಂಬೆಯಪ್ಪಾ’ ಎಂದರು.

ಆ ನೋಟ್‌ಬುಕ್ಕಿನ ತುಂಬ ಇಂಥವೇ ಅಳತೆಗಳು. ‘ಒಂದು ಪಾವು’, ‘ಸಣ್ಣ ಲೋಟದಲ್ಲಿ ಮುಕ್ಕಾಲು’, ‘ಎರಡು ರೂಪಾಯಿಯ ಕೊತ್ತಂಬರಿ ಸೊಪ್ಪು’. ಆ ಸಣ್ಣ ಲೋಟ ಹಾಸನದಲ್ಲಿತ್ತು. ಆದ್ದರಿಂದ ನನ್ನ ಮೊದಲ ಮಾತು: ಹೊರಡುವ ಮುಂಚೆ ಒಂದು ಚಿಕ್ಕ ತಕ್ಕಡಿ ತಂದು, ನಿಮ್ಮ ತಾಯಿಯವರ ಪಕ್ಕದಲ್ಲಿ ನಿಂತು, ಅವರು ಹಿಡಿಯಲ್ಲಿ ತೆಗೆದುಕೊಂಡದ್ದನ್ನೆಲ್ಲ ತೂಗಿ ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳಿ. ಅವರು ನಗುತ್ತಾರೆ, ನಗಲಿ. ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಈಗ ಪೆನ್ಸಿಲಿನಲ್ಲಿ ‘ಹುಣಸೆ 20 ಗ್ರಾಂ’ ಎಂದಿದೆ.

ಇಲ್ಲಿನ ಅಳತೆಗೂ ಅದರದೇ ತಂಟೆಯಿದೆ. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿಲಿಲೀಟರ್. ಬ್ರಿಟನ್, ಅಮೆರಿಕದ್ದು 15. ಅಲ್ಲಿನ ಪುಸ್ತಕ ನೋಡಿ ಇಲ್ಲಿನ ಚಮಚದಲ್ಲಿ ಮೂರು ಬಾರಿ ಉಪ್ಪು ಹಾಕಿದರೆ ನಾಲ್ಕು ಬಾರಿ ಹಾಕಿದಂತೆ. ಒಂದು ಭರಣಿ ಉಪ್ಪಿನಕಾಯಿ ಕಳೆದುಕೊಂಡು ಇದನ್ನು ಕಲಿತೆ.

ಅಚ್ಚಾದ ಪುಸ್ತಕಗಳನ್ನು ಊರಿನಿಂದ ಹೊತ್ತು ತರಬೇಡಿ. ದಾನಕ್ಕೆ ಬಂದ ಹಳೆಯ ಸಾಮಾನು ಮಾರುವ ಅಂಗಡಿಗಳಿವೆ, ಆಪ್ ಶಾಪ್ ಎನ್ನುತ್ತಾರೆ. ನಾನು ಮತ್ತೆ ಮತ್ತೆ ತೆರೆಯುವ ಎರಡೂ ಪುಸ್ತಕಗಳು ಅಲ್ಲಿ ಸಿಕ್ಕಿದವು, ಎರಡು ಕಾಫಿಯ ದುಡ್ಡಿಗೆ.

ಒಂದು, 1976ರ ‘ದ ಕಂಪ್ಲೀಟ್ ಏಷಿಯನ್ ಕುಕ್‌ಬುಕ್’. ಬರೆದ ಶಾರ್ಮೇನ್ ಸಾಲೊಮನ್ ಶ್ರೀಲಂಕಾದಲ್ಲಿ ಹುಟ್ಟಿ ಇಲ್ಲಿಗೆ ವಲಸೆ ಬಂದವರು, ಎಂದರೆ ನಮ್ಮ ಜಾತಿಯವರೇ. ದೇಶಕ್ಕೊಂದು ಅಧ್ಯಾಯವಿದೆ. ನಮ್ಮ ಗೊಜ್ಜು, ಹುಳಿಗಾಗಿ ಅದನ್ನು ಕೊಳ್ಳಬೇಡಿ. ನನ್ನ ಪ್ರತಿಯಲ್ಲಿ ಎಣ್ಣೆಯ ಕಲೆಯಿರುವುದು ಶ್ರೀಲಂಕಾದ ಪುಟಗಳಲ್ಲಿ. ಅಲ್ಲಿನ ಮಸಾಲೆ ಪುಡಿಗೆ ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಮೆಂತ್ಯವನ್ನು ಒಂದೊಂದಾಗಿ ಹುರಿಯುತ್ತಾರೆ. ಅಮ್ಮನೂ ಹಾಗೆಯೇ ಹುರಿಯುತ್ತಿದ್ದರು, ಆದರೆ ಘಮ್ಮೆಂದೊಡನೆ ಇಳಿಸುತ್ತಿದ್ದರು. ಇವರು ಕಾಫಿಬೀಜದ ಬಣ್ಣಕ್ಕೆ ತರುತ್ತಾರೆ. ಆ ಪುಡಿ ಅರ್ಧ ಚಮಚ ಬಿದ್ದರೆ ಸಿಹಿಗುಂಬಳದ ಪಲ್ಯದ ಗತ್ತೇ ಬೇರೆ. ಹುರಿಯುವಾಗ ಕಿಟಕಿ ತೆರೆದಿರಲಿ, ಇಲ್ಲವಾದರೆ ಸೂರಿನಲ್ಲಿರುವ ಹೊಗೆಯ ಅಲಾರಂ ಇಡೀ ಬೀದಿಗೆ ಸುದ್ದಿ ಮುಟ್ಟಿಸುತ್ತದೆ.

ಇನ್ನೊಂದು ಸ್ಟೆಫನಿ ಅಲೆಕ್ಸಾಂಡರ್ ಅವರ ‘ದ ಕುಕ್ಸ್ ಕಂಪ್ಯಾನಿಯನ್’, 1996ರದು. ಇಟ್ಟಿಗೆಯಂಥ ಪುಸ್ತಕ, ವಿಮಾನದಲ್ಲಿ ತಂದರೆ ನಿಮ್ಮ ಕುಕ್ಕರ್ ಕೆಳಗಿಳಿಯಬೇಕಾಗುತ್ತದೆ. ಇದರಲ್ಲಿ ಅಧ್ಯಾಯಗಳಿರುವುದು ತಿನಿಸುಗಳ ಹೆಸರಿನಲ್ಲಲ್ಲ, ಪದಾರ್ಥಗಳ ಹೆಸರಿನಲ್ಲಿ, ಅಕಾರಾದಿಯಾಗಿ. ಸಂತೆಯಲ್ಲಿ ಹೆಸರು ಗೊತ್ತಿಲ್ಲದ ಗೆಡ್ಡೆಯನ್ನೋ ಸೊಪ್ಪನ್ನೋ ಕೊಂಡು ಮನೆಗೆ ಬಂದವನಿಗೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ. ನಾನು ಸಸ್ಯಾಹಾರಿ, ಅರ್ಧ ಪುಸ್ತಕ ನನಗೆ ಬೇಡ. ಉಳಿದರ್ಧಕ್ಕೇ ಅದು ಸವೆದುಹೋಗಿದೆ. ಇದೇ ಸ್ಟೆಫನಿ 2001ರಲ್ಲಿ ಮೆಲ್ಬರ್ನ್‌ನ ಒಂದು ಶಾಲೆಯಲ್ಲಿ ಮಕ್ಕಳೇ ತರಕಾರಿ ಬೆಳೆದು ಅಡುಗೆ ಮಾಡುವ ತೋಟವನ್ನು ಶುರು ಮಾಡಿಸಿದರು. ಆ ಪದ್ಧತಿ ಈಗ ಎಷ್ಟೋ ಶಾಲೆಗಳಲ್ಲಿದೆ. ನನ್ನ ಮಗಳು ಒಂದು ದಿನ ಶಾಲೆಯಿಂದ ಸಿಲ್ವರ್‌ಬೀಟ್ ಹೊತ್ತು ತಂದಳು. ಬೀಟ್‌ರೂಟಿನ ಒಡಹುಟ್ಟು ಅದು, ಎಲೆ ಅಗಲ, ದಂಟು ಬೆಳ್ಳಗೆ ದಪ್ಪ. ದಂಟಿಗೆ ಎಲೆಗಿಂತ ಹೆಚ್ಚು ಬೇಯುವ ಸಮಯ ಬೇಕು ಎಂಬುದನ್ನು ಆ ಪುಸ್ತಕವನ್ನು ಮುಂದಿಟ್ಟುಕೊಂಡು ಕಲಿತೆ, ಉಳಿದದ್ದನ್ನು ಅಮ್ಮನ ನೋಟ್‌ಬುಕ್ ಹೇಳಿತು: ಬೇಳೆಯೊಂದಿಗೆ ಬೇಯಿಸಿ, ಕಟ್ಟು ಬಸಿದು, ಬಸ್ಸಾರು. ದಂಟು, ಎಲೆ ಪಲ್ಯಕ್ಕೆ. ಈಗ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಮುದ್ದೆಯ ಜೊತೆ ಅದೇ.

ಮೊಬೈಲಿನ ವೀಡಿಯೊಗಳನ್ನು ನಾನೂ ನೋಡುತ್ತೇನೆ. ಆದರೆ ಸಾಸಿವೆ ಸಿಡಿಯುತ್ತಿರುವಾಗ ಒದ್ದೆ ಕೈಯಲ್ಲಿ ಅದನ್ನು ಹಿಂದಕ್ಕೆ ಎಳೆಯಲಾಗುವುದಿಲ್ಲ.

ಮನೆಯಲ್ಲಿ ಮಾಡಿದ ಸಾರಿನಪುಡಿ, ಚಟ್ನಿಪುಡಿ ಏನೇ ತಂದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರವಿದೆ ಎಂದು ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ಕಿತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಹಸಿ ಕರಿಬೇವನ್ನಂತೂ ತರಲೇಬೇಡಿ. ಜೂನ್ ಎಂದರೆ ಇಲ್ಲಿ ಚಳಿ, ದೋಸೆ ಹಿಟ್ಟು ಉಬ್ಬುವುದಿಲ್ಲ ಎಂದು ಗಾಬರಿಯಾಗುತ್ತೀರಿ. ಓವನ್ ಬಿಸಿ ಮಾಡದೆ, ಅದರೊಳಗಿನ ದೀಪವನ್ನಷ್ಟೇ ಹಚ್ಚಿ ರಾತ್ರಿಯಿಡೀ ಪಾತ್ರೆಯನ್ನು ಅದರಲ್ಲಿಡಿ. ಇದನ್ನು ಅಮ್ಮನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನೇ ಬರೆದಿಟ್ಟಿದ್ದೇನೆ. ನನ್ನ ಕರಿಬೇವಿನ ಗಿಡದ ಬುಡದಲ್ಲಿ ಮೂರು ಮರಿಗಳು ಎದ್ದಿವೆ. ಬಂದ ಮೇಲೆ ಒಂದನ್ನು ಒಯ್ಯಿರಿ, ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಕಿಟಕಿಯ ಹತ್ತಿರ ಇಟ್ಟುಕೊಳ್ಳಿ.