ಅಂತ್ಯಕಾಲವೂ ಹತ್ತನೆಯ ತರಗತಿಯ ಪರೀಕ್ಷೆಯೂ

ಪ್ರೀತಿಯ ತಂಗಿ,

ಭಾಲ್ಕಿ ತಾಲ್ಲೂಕಿನಿಂದ ನೀನು ಬರೆದ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ನಿನ್ನಂತೆಯೇ ಅಂಜಿಕೊಂಡಿರುವ ಬೇರೆ ಮಕ್ಕಳಿಗೂ ತಿಳಿಯಲೆಂದು ಪತ್ರದ ಸಾರವನ್ನು ಮೊದಲು ಹೇಳುತ್ತೇನೆ. ಮೊಬೈಲಿಗೆ ಬಂದ ವಿಡಿಯೊವೊಂದರಲ್ಲಿ ಬೋಧಕರೊಬ್ಬರು, ಕರ್ತನ ಬರೋಣ, ಅಂದರೆ ಯೇಸು ಮತ್ತೆ ಬರುವುದು, ಈ ವರ್ಷದೊಳಗೇ ಆಗುತ್ತದೆ, ಆಧಾರ್ ಸಂಖ್ಯೆಯೇ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಹೇಳಿರುವ ಮೃಗದ ಗುರುತು ಎಂದು ಹೇಳಿದ್ದನ್ನು ನೀನು ನೋಡಿದ್ದೀಯ. ಅಂದಿನಿಂದ ಶಾಲೆ ಬಿಟ್ಟು ಬಂದಾಗ ಅವ್ವ ಮನೆಯಲ್ಲಿ ಕಾಣದಿದ್ದರೆ, ಅವಳು ಕರ್ತನ ಬಳಿಗೆ ಪರಲೋಕಕ್ಕೆ ಎತ್ತಲ್ಪಟ್ಟು ನಾನೊಬ್ಬಳೇ ಉಳಿದೆನೇನೋ ಎಂದು ಎದೆ ಹಾರುತ್ತದೆ ಎಂದು ಬರೆದಿದ್ದೀಯ. ಲೋಕವೇ ಮುಗಿಯುವುದಾದರೆ ಪರೀಕ್ಷೆಗೆ ಏಕೆ ಓದಬೇಕು, ನನ್ನ ಮುಸ್ಲಿಂ ಗೆಳತಿಯ ಗತಿ ಏನು ಎಂದೂ ಕೇಳಿದ್ದೀಯ.

ತಾರೀಖಿನ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದ 36ನೆಯ ವಚನದಲ್ಲಿ, ಆ ದಿನವೂ ಆ ಗಳಿಗೆಯೂ ತಂದೆಯೊಬ್ಬನಿಗೆ ಹೊರತು ಪರಲೋಕದ ದೂತರಿಗೂ ತಿಳಿಯದು, ಮಗನಿಗೂ ತಿಳಿಯದು ಎಂದು ಯೇಸು ಸ್ವಾಮಿಯೇ ಹೇಳಿದ್ದಾರೆ. ಮಗನಿಗೇ ತಿಳಿಯದ ದಿನವನ್ನು ಲೆಕ್ಕ ಹಾಕಿ ತಿಳಿದೆನೆನ್ನುವವರು ಎಷ್ಟೇ ಭಕ್ತಿಯಿಂದ ಮಾತಾಡಲಿ, ಆ ಒಂದು ವಿಷಯದಲ್ಲಿ ಅವರನ್ನು ನಂಬಬೇಕಾಗಿಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅವರ ಬೋಧನೆಯನ್ನು ಹಿಂಬಾಲಿಸಿದ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕಾದು ಕುಳಿತರು. ಕೆಲವು ರೈತರು ಬೆಳೆಯನ್ನೂ ಕೊಯ್ಯದೆ ಹೊಲದಲ್ಲೇ ಬಿಟ್ಟರು. ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೊ ಬೋಧಕರು 2011ರ ಮೇ 21 ಎಂದರು, ಅದು ಕಳೆದ ಮೇಲೆ ಅಕ್ಟೋಬರ್ 21 ಎಂದರು, ಕೊನೆಗೆ ದಿನ ಗೊತ್ತುಮಾಡಿದ್ದೇ ಪಾಪವೆಂದು ಒಪ್ಪಿಕೊಂಡರು. ನಂಬಿದವರ ನಂಬಿಕೆಗೆ ಬಿದ್ದ ಪೆಟ್ಟು ಮಾತ್ರ ಅಷ್ಟು ಸುಲಭವಾಗಿ ಮಾಯಲಿಲ್ಲ.

ಹಾಗಾದರೆ ಯುದ್ಧ, ಬರ, ಭೂಕಂಪಗಳು ಗುರುತುಗಳಲ್ಲವೇ ಎಂದು ನೀನು ಕೇಳಬಹುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು; ನಮ್ಮ ಬೀದರ, ಕಲಬುರಗಿ ಸೀಮೆಯ ಹಿರಿಯರಿಗೆ ಆ ನಡುಕ ಇಂದಿಗೂ ನೆನಪಿದೆ. ಅಂಥ ಹೊತ್ತಿನಲ್ಲಿ ಅಂತ್ಯ ಬಂತೆಂದು ಅನ್ನಿಸುವುದು ಸಹಜ. ಆದರೆ ಮತ್ತಾಯನ ಅದೇ ಅಧ್ಯಾಯದಲ್ಲಿ ಇವುಗಳನ್ನು ಹೇಳುವಾಗಲೇ, ಕಳವಳಪಡಬೇಡಿರಿ, ಇನ್ನೂ ಅಂತ್ಯವಲ್ಲ, ಇದು ಪ್ರಸವವೇದನೆಯ ಆರಂಭ ಮಾತ್ರ ಎಂಬ ಮಾತೂ ಇದೆ. ವಿಡಿಯೊಗಳಲ್ಲಿ ಮೊದಲರ್ಧವನ್ನು ಗಟ್ಟಿಯಾಗಿ ಹೇಳಿ ಈ ಮಾತನ್ನು ಬಿಟ್ಟುಬಿಡುವುದು ನನಗೆ ನಿಜವಾಗಿಯೂ ನೋವು ತರುತ್ತದೆ.

ಇನ್ನು ಮೃಗದ ಗುರುತು, ಅಂದರೆ ದೇವರನ್ನು ಎದುರಿಸುವ ಮೃಗವೊಂದು ತನ್ನನ್ನು ಆರಾಧಿಸುವವರ ಕೈಯ ಮೇಲೋ ಹಣೆಯ ಮೇಲೋ ಹಾಕಿಸುವ ಗುರುತು. ಪ್ರಕಟನೆ ಪುಸ್ತಕವನ್ನು ಯಾರು ಯಾರಿಗೆ ಬರೆದರು ಎಂಬುದನ್ನು ಬಿಟ್ಟು ಇದನ್ನು ಅರ್ಥಮಾಡಿಕೊಳ್ಳಲಾಗದು. ಪತ್ಮೋಸ್ ಎಂಬ ದ್ವೀಪದಲ್ಲಿದ್ದ ಯೋಹಾನನು, ಇಂದಿನ ಟರ್ಕಿ ದೇಶದಲ್ಲಿರುವ ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ 7 ಊರುಗಳ ಸಭೆಗಳಿಗೆ, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯಗಳಿಗೆ, ಇದನ್ನು ಬರೆದನು. ರೋಮಿನ ಡೊಮಿಷಿಯನ್ ಚಕ್ರವರ್ತಿಯ ಕೊನೆಯ ವರ್ಷಗಳಲ್ಲಿ, ಅಂದರೆ ಕ್ರಿ.ಶ. 95ರ ಸುಮಾರಿಗೆ ಬರೆದಿರಬೇಕೆಂದು ಹೆಚ್ಚಿನ ವಿದ್ವಾಂಸರು ಎಣಿಸುತ್ತಾರೆ. ಆ ಊರುಗಳಲ್ಲಿ ಚಕ್ರವರ್ತಿಯನ್ನೇ ದೇವರೆಂದು ಪೂಜಿಸುವ ಗುಡಿಗಳಿದ್ದವು. ಕೈಗೆ ಬರುವ ನಾಣ್ಯದ ಮೇಲೂ ಅವನದೇ ಮುಖವಿತ್ತು. ಅವನನ್ನು ಪೂಜಿಸಲು ಒಪ್ಪದ ಕ್ರೈಸ್ತರಿಗೆ ಊರಿನಲ್ಲಿ ಬಾಳುವುದೂ ವ್ಯಾಪಾರ ಮಾಡುವುದೂ ಕಷ್ಟವಾಗುತ್ತಿತ್ತು. ಗುರುತಿಲ್ಲದವರು ಕೊಳ್ಳಲೂ ಮಾರಲೂ ಆಗದು ಎಂಬ 13ನೆಯ ಅಧ್ಯಾಯದ ಮಾತನ್ನು ಕೇಳಿದಾಗ ಅವರಿಗೆ ತಮ್ಮ ಬೀದಿಯೇ ಕಣ್ಣಮುಂದೆ ಬಂದಿರಬೇಕು. ಮೃಗದ ಸಂಖ್ಯೆ 666 ಎಂದೂ ಅದೇ ಅಧ್ಯಾಯ ಹೇಳುತ್ತದೆ. ಹೀಬ್ರೂ ಭಾಷೆಯಲ್ಲಿ ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಿದ್ದರು. ಆ ಅಕ್ಷರಗಳಲ್ಲಿ ಹಿಂದಿನ ರೋಮ್ ಚಕ್ರವರ್ತಿ ನೀರೋ ಕೈಸರನ ಹೆಸರನ್ನು ಬರೆದು ಕೂಡಿಸಿದರೆ 666 ಬರುತ್ತದೆ. ಕ್ರೈಸ್ತರನ್ನು ಕ್ರೂರವಾಗಿ ಕೊಲ್ಲಿಸಿದ ನೀರೋನಂಥ ಅಧಿಕಾರವನ್ನೇ ಯೋಹಾನನು ಸೂಚಿಸುತ್ತಿದ್ದಾನೆಂದು ಅನೇಕ ವಿದ್ವಾಂಸರು ಇದರಿಂದ ತಿಳಿಯುತ್ತಾರೆ. ಇನ್ನು ಕೆಲವರು, ಅಂಥದೇ ಅಧಿಕಾರವೊಂದು ಕಡೇ ದಿನಗಳಲ್ಲಿ ಮತ್ತೆ ಏಳುವುದೆಂದೂ ನಂಬುತ್ತಾರೆ.

ಇದಕ್ಕಿಂತ ಮುಖ್ಯವಾದ ಒಂದು ಸಂಗತಿ 14ನೆಯ ಅಧ್ಯಾಯದ ಮೊದಲ ವಚನದಲ್ಲಿದೆ. ಅಲ್ಲಿ ಕುರಿಮರಿಯನ್ನು, ಅಂದರೆ ಯೇಸುವನ್ನು, ಹಿಂಬಾಲಿಸುವವರ ಹಣೆಯ ಮೇಲೂ ಒಂದು ಹೆಸರಿದೆ, ಕುರಿಮರಿಯ ಮತ್ತು ತಂದೆಯ ಹೆಸರು. ಅದು ಮಸಿಯಲ್ಲಿ ಬರೆದದ್ದೆಂದು ನಾವು ಯಾರೂ ತಿಳಿಯುವುದಿಲ್ಲ. ಅವರು ದೇವರಿಗೆ ಸೇರಿದವರು ಎಂದೇ ತಿಳಿಯುತ್ತೇವೆ. ಎದುರು ಪುಟದ ಮೃಗದ ಗುರುತನ್ನು ಮಾತ್ರ ಕಾರ್ಡು, ಸಂಖ್ಯೆ, ಯಂತ್ರ ಎಂದು ಏಕೆ ಓದಬೇಕು? ನೀನು ಯಾರನ್ನು ಆರಾಧಿಸುತ್ತೀ ಎಂಬುದೇ ಆ ಭಾಗದ ಪ್ರಶ್ನೆ. ಪಡಿತರಕ್ಕೂ ವಿದ್ಯಾರ್ಥಿವೇತನಕ್ಕೂ ಕೊಡುವ ಆಧಾರ್ ಸಂಖ್ಯೆ ನಿನ್ನಿಂದ ಯಾವ ಆರಾಧನೆಯನ್ನೂ ಕೇಳುವುದಿಲ್ಲ, ಯೇಸುವನ್ನು ಬಿಡು ಎನ್ನುವುದಿಲ್ಲ. ನಿಶ್ಚಿಂತೆಯಿಂದ ಇಟ್ಟುಕೋ.

ಅವ್ವನ ವಿಷಯಕ್ಕೆ ಬರುತ್ತೇನೆ. ಸಭೆ, ಅಂದರೆ ನಂಬಿದವರೆಲ್ಲರ ಸಮೂಹ, ಎತ್ತಲ್ಪಡುವುದರ ಮಾತು ಥೆಸಲೋನಿಕ ಎಂಬ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲನು ಬರೆದ ಮೊದಲನೆಯ ಪತ್ರದ 4ನೆಯ ಅಧ್ಯಾಯದಿಂದ ಬಂದದ್ದು. ಕರ್ತನು ಬರುವ ಮೊದಲೇ ತೀರಿಕೊಂಡ ತಮ್ಮವರು ಏನಾದರೋ ಎಂದು ಅಳುತ್ತಿದ್ದ ಜನರಿಗೆ ಪೌಲನು ಅದನ್ನು ಬರೆದನು: ಸತ್ತವರು ಮೊದಲು ಏಳುವರು, ಆಮೇಲೆ ಉಳಿದವರೂ ಅವರೊಂದಿಗೆ ಸೇರಿ ಕರ್ತನನ್ನು ಎದುರುಗೊಳ್ಳುವರು. ಆ ಭಾಗದ ಕೊನೆಯ ವಚನ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎನ್ನುತ್ತದೆ. ಅಗಲಿದವರು ಕೂಡುವ ಮಾತದು. ನಂಬಿದವರು ಮೊದಲು ಗುಟ್ಟಾಗಿ ಎತ್ತಲ್ಪಟ್ಟು, ಉಳಿದವರು 7 ವರ್ಷ ಮಹಾಸಂಕಟದಲ್ಲಿರುವರು ಎಂಬ ಕ್ರಮವನ್ನು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬವರು ಬೋಧಿಸಿದರು. 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲ್‌ನಿಂದ ಅದು ಎಲ್ಲೆಡೆ ಹರಡಿತು. ಬ್ರದರನ್ ಹಾಗೂ ಅನೇಕ ಪೆಂತೆಕೊಸ್ತ್ ಸಭೆಗಳ ಸಹೋದರರು ಇದನ್ನು ಮನಃಪೂರ್ವಕವಾಗಿ ನಂಬುತ್ತಾರೆ, ಅವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳು ಹೀಗೆ ಕಲಿಸುವುದಿಲ್ಲ. ನಮ್ಮ ಬೀದರ ಸೀಮೆಯಲ್ಲಿ ಬೇರೂರಿರುವ ಮೆಥೊಡಿಸ್ಟ್ ಸಭೆಯ 25 ವಿಶ್ವಾಸ ನಿಯಮಗಳಲ್ಲಿಯೂ ಇದಿಲ್ಲ. ಕ್ರಿಸ್ತನು ಕಡೇ ದಿನದಲ್ಲಿ ಎಲ್ಲರಿಗೂ ನ್ಯಾಯತೀರಿಸಲು ಹಿಂದಿರುಗುವನು ಎಂದಷ್ಟೇ ಅವುಗಳಲ್ಲಿ ಮೂರನೆಯದು ಹೇಳುತ್ತದೆ. ಪ್ರಕಟನೆಯ 20ನೆಯ ಅಧ್ಯಾಯದಲ್ಲಿರುವ ಕ್ರಿಸ್ತನ ಸಾವಿರ ವರ್ಷದ ಆಳಿಕೆಯ ಬಗ್ಗೆಯೂ ಹೀಗೆಯೇ ಭಿನ್ನಾಭಿಪ್ರಾಯಗಳಿವೆ. ಪ್ರಾಚೀನ ಸಭೆಯ ಬೋಧಕನಾದ ಅಗಸ್ಟೀನನ ಕಾಲದಿಂದಲೂ ಬಹಳ ಜನ ಅದನ್ನು ಸಭೆ ಈಗ ಬದುಕುತ್ತಿರುವ ಕಾಲವೆಂದೇ ಓದಿದ್ದಾರೆ.

ಈ ಭೇದಗಳನ್ನೆಲ್ಲ ಬದಿಗಿಟ್ಟರೆ ಎಲ್ಲ ಸಭೆಗಳೂ ಒಪ್ಪುವುದು ಇಷ್ಟು: ಯೇಸು ಮತ್ತೆ ಬರುವನು, ಸತ್ತವರು ಏಳುವರು, ನ್ಯಾಯತೀರ್ಪಾಗುವುದು, ದೇವರು ಎಲ್ಲವನ್ನೂ ಹೊಸದಾಗಿ ಮಾಡುವನು. ಹೊಸ ಯೆರೂಸಲೇಮು ಭೂಮಿಗೆ ಇಳಿದು ಬರುವುದನ್ನೂ, ದೇವರು ಜನರ ಕಣ್ಣೀರನ್ನೆಲ್ಲ ಒರಸುವುದನ್ನೂ ಪ್ರಕಟನೆಯ 21ನೆಯ ಅಧ್ಯಾಯದಲ್ಲಿ ನೀನೇ ಓದು. ಅವ್ವನಿಗೂ ನಿನ್ನ ಅಂಜಿಕೆಯನ್ನು ಇಂದೇ ಹೇಳು. ಇಷ್ಟು ದಿನ ನೀನೊಬ್ಬಳೇ ಅದನ್ನು ಹೊತ್ತದ್ದು ಸಾಕು.

ಗೆಳತಿಯ ಕುರಿತು ನೀನು ಕೇಳಿದ್ದು ನನಗೆ ಬಹಳ ಹಿಡಿಸಿತು. ಅವಳನ್ನೇ ಕೇಳಿ ನೋಡು. ಖಿಯಾಮತ್‌ಗೆ, ಅಂದರೆ ಅಂತ್ಯದ ದಿನಕ್ಕೆ, ಮೊದಲು ಹಜರತ್ ಈಸಾ (ನಮ್ಮ ಯೇಸು) ಮತ್ತೆ ಬರುವರೆಂದು ಅವಳ ಮನೆಯ ಹಿರಿಯರೂ ಹೇಳುತ್ತಾರೆ. ಅವರು ಈಸಾರನ್ನು ಪ್ರವಾದಿಯೆಂದು ನಂಬುತ್ತಾರೆ, ನಾವು ದೇವಕುಮಾರನೆಂದು ನಂಬುತ್ತೇವೆ. ಈ ವ್ಯತ್ಯಾಸ ದೊಡ್ಡದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಯಾರ ಗತಿ ಏನೆಂದು ತೀರ್ಮಾನಿಸುವ ಕೆಲಸವನ್ನು ದೇವರು ನಮಗೆ ವಹಿಸಿಲ್ಲ. ಕ್ರಿಸ್ತನನ್ನು ಒಪ್ಪದವರಿಗೆ ರಕ್ಷಣೆಯಿಲ್ಲವೆಂದು ಕೆಲವು ಸಭೆಗಳು ಖಂಡಿತವಾಗಿ ಕಲಿಸುತ್ತವೆ. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ದೇವರನ್ನು ಪ್ರಾಮಾಣಿಕವಾಗಿ ಹುಡುಕುವವರೂ ರಕ್ಷಣೆ ಹೊಂದಬಹುದೆಂದು ಕಥೋಲಿಕ ಸಭೆ 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಹೇಳಿತು. ನಾನು ಎರಡನೆಯ ಮಾತಿನ ಕಡೆ ವಾಲುತ್ತೇನೆ. ಮತ್ತಾಯನ 25ನೆಯ ಅಧ್ಯಾಯದ ನ್ಯಾಯತೀರ್ಪಿನಲ್ಲಿ ಅರಸನು ಕೇಳುವುದು ಹಸಿದವನಿಗೆ ಊಟ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ ಎಂಬುದನ್ನು. ಅವಳೊಂದಿಗೆ ಬುತ್ತಿ ಹಂಚಿಕೊಂಡು ತಿನ್ನುವುದನ್ನು ಬಿಡಬೇಡ.

ಪರೀಕ್ಷೆಯ ಪ್ರಶ್ನೆಗೆ ಪೌಲನೇ ಉತ್ತರ ಕೊಟ್ಟಿದ್ದಾನೆ. ಕರ್ತನ ದಿನ ಬಂದೇಬಿಟ್ಟಿತೆಂಬ ಗದ್ದಲವಿದ್ದ ಅದೇ ಥೆಸಲೋನಿಕದಲ್ಲಿ ಕೆಲವರು ಕೆಲಸ ಬಿಟ್ಟು ಸುಮ್ಮನೆ ತಿರುಗುತ್ತಿದ್ದರು. ದುಡಿಯಲೊಲ್ಲದವನು ಊಟವನ್ನೂ ಮಾಡಬಾರದೆಂದು ಎರಡನೆಯ ಪತ್ರದಲ್ಲಿ ಗದರಿಸಿ, ಶಾಂತವಾಗಿ ಕೆಲಸ ಮಾಡಿರೆಂದು ಹೇಳಿದನು. ಯಾಕೋಬನ ಪತ್ರದ 5ನೆಯ ಅಧ್ಯಾಯವೂ ಕರ್ತನ ಬರೋಣಕ್ಕೆ ಕಾಯುವವರನ್ನು ಮುಂಗಾರು ಹಿಂಗಾರು ಮಳೆಗೆ ಕಾಯುವ ಒಕ್ಕಲಿಗನಿಗೆ ಹೋಲಿಸುತ್ತದೆ. ನಮ್ಮ ಸೀಮೆಯ ತೊಗರಿ ಬೆಳೆಗಾರ ಮಳೆಯ ದಿನ ತಿಳಿಯದೆಂದು ಹೊಲ ಹರಗುವುದನ್ನು ನಿಲ್ಲಿಸುವುದಿಲ್ಲ. ಗಣಿತವನ್ನೂ ವಿಜ್ಞಾನವನ್ನೂ ಹಾಗೆಯೇ ಓದು.

ಪರೀಕ್ಷೆ ಮುಗಿದ ಮೇಲೆ ಪ್ರಕಟನೆಯನ್ನು ಓದುವ ಮನಸ್ಸಿದ್ದರೆ, 2 ಮತ್ತು 3ನೆಯ ಅಧ್ಯಾಯಗಳಲ್ಲಿರುವ 7 ಸಭೆಗಳ ಪತ್ರಗಳಿಂದ ಆರಂಭಿಸು, ಅನಂತರ 4 ಮತ್ತು 5, ಆಮೇಲೆ ನೇರವಾಗಿ 21 ಮತ್ತು 22. ನಡುವಿನ ಮುದ್ರೆ, ತುತೂರಿ, ಪಾತ್ರೆಗಳ ದರ್ಶನಗಳನ್ನು ನಿಮ್ಮ ಸಭಾಪಾಲಕರ ಜೊತೆಗಾಗಲಿ ಸಂಡೇ ಸ್ಕೂಲಿನ ಶಿಕ್ಷಕರ ಜೊತೆಗಾಗಲಿ ಕುಳಿತು ಓದು. ಒಂಟಿಯಾಗಿ ರಾತ್ರಿ ಹೊತ್ತು ಮೊಬೈಲು ಹಿಡಿದು ಬೇಡ. ಅರ್ಥವಾಗದ ವಚನಗಳನ್ನು ಗುರುತು ಹಾಕಿ ಕಳುಹಿಸು, ಮುಂದಿನ ಸಂಚಿಕೆಗಳಲ್ಲಿ ಉತ್ತರಿಸುತ್ತೇನೆ.

ಸಂಪಾದಕ